ಬೇಲಿ ಕತ್ತರಿಸಿದವರೂ ಬೇಲಿ ಕಾಯದವರೂ

ಆಗಸ್ಟ್ 6 ಮತ್ತೆ ಬಂದಿದೆ. 1945ರಲ್ಲಿ ಆ ದಿನ ಬೆಳಿಗ್ಗೆ ಹಿರೋಷಿಮಾ ನಗರದ ಮೇಲೆ ಬಿದ್ದ ಬಾಂಬಿನಲ್ಲಿದ್ದುದು ಸುಮಾರು 64 ಕಿಲೋ ಯುರೇನಿಯಂ. ಅದನ್ನು ಬಾಂಬಿನ ಹದಕ್ಕೆ ತಂದದ್ದು ಅಮೆರಿಕದ ಟೆನೆಸ್ಸೀ ಸಂಸ್ಥಾನದ ಓಕ್ ರಿಡ್ಜ್ ಎಂಬಲ್ಲಿ, ವೈ-12 ಎಂಬ ಗುಪ್ತನಾಮದ ಕಾರ್ಖಾನೆಯಲ್ಲಿ. ವರ್ಷವರ್ಷವೂ ಈ ದಿನ ದೊಡ್ಡ ದೊಡ್ಡ ರಾಷ್ಟ್ರಗಳ ಧುರೀಣರು ಶಾಂತಿಯ ಸಂದೇಶಗಳನ್ನು ಹೊರಡಿಸುತ್ತಾರೆ. ಮರುದಿನ ತಂತಮ್ಮ ಆಯುಧಾಗಾರಗಳ ಲೆಕ್ಕ ನೋಡಲು ಹಿಂತಿರುಗುತ್ತಾರೆ. ಆದಕಾರಣ ಈ ಬಾರಿ ನಾವು ಶೋಕದ ಮಾತಿಗಿಂತ ಆ ಕಾರ್ಖಾನೆಯ ಬೇಲಿಯ ಮಾತನ್ನು ಎತ್ತಿಕೊಂಡಿದ್ದೇವೆ. ಒಂದು ನಗರವನ್ನು ಕ್ಷಣದಲ್ಲಿ ಬೂದಿಮಾಡಬಲ್ಲ ಸರಕನ್ನು ಕಾಯುತ್ತಿರುವವರು ಯಾರು? ಅವರು ನಿಜವಾಗಿ ಕಾಯುತ್ತಿದ್ದಾರೆಯೇ? ಕಾಯದಿದ್ದರೆ ಶಿಕ್ಷೆ ಯಾರಿಗೆ? ಈ ಮೂರು ಪ್ರಶ್ನೆಗಳಿಗೂ ಅಲ್ಲಿ ನಡೆದ ಒಂದು ರಾತ್ರಿಯ ಕತೆ ಉತ್ತರ ಹೇಳುತ್ತದೆ.

2012ರ ಜುಲೈ 28. ಇನ್ನೂ ಬೆಳಕು ಹರಿದಿರಲಿಲ್ಲ. ಮೂವರು ಗುಡ್ಡವನ್ನು ಹತ್ತಿ ಇಳಿದು ವೈ-12ರ ಬೇಲಿಯ ಬಳಿಗೆ ಬಂದರು. ಒಬ್ಬಾಕೆ ಸೋದರಿ ಮೇಗನ್ ರೈಸ್ ಎಂಬ ಕ್ಯಾಥೊಲಿಕ್ ಸಂನ್ಯಾಸಿನಿ, ವಯಸ್ಸು 82, ಆಯುಷ್ಯದ ಬಹುಭಾಗವನ್ನು ಆಫ್ರಿಕದ ಹಳ್ಳಿಗಾಡುಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಕಳೆದವರು. ಇನ್ನೊಬ್ಬರು 63 ವರ್ಷದ ಮೈಕೇಲ್ ವಾಲಿ. ವಿಯಟ್ನಾಂ ಯುದ್ಧದಲ್ಲಿ ಸಿಪಾಯಿಯಾಗಿದ್ದವರು. ಮೂರನೆಯವರು 57 ವರ್ಷದ ಗ್ರೆಗ್ ಬೋರ್ಜಿ-ಓಬೆಡ್. ಒಂದು ಕಾಲಕ್ಕೆ ಸೈನ್ಯದಲ್ಲಿದ್ದು, ಆಮೇಲೆ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನಿಂದ ಜೀವನ ಮಾಡುತ್ತಿದ್ದವರು. ಅವರ ಕೈಯಲ್ಲಿದ್ದ ಸಾಮಗ್ರಿಯಾದರೂ ಏನು? ತಂತಿ ಕತ್ತರಿಸುವ ಇಕ್ಕಳ, ಸುತ್ತಿಗೆ, ಬಣ್ಣದ ಡಬ್ಬಿ, ಮೇಣದ ಬತ್ತಿ, ಬೈಬಲ್, ಹೂವು, ಒಂದಿಷ್ಟು ರೊಟ್ಟಿ, ಮಕ್ಕಳ ಹಾಲಿನ ಸೀಸೆಯಲ್ಲಿ ತುಂಬಿದ ಮನುಷ್ಯರ ರಕ್ತ.

ಇಷ್ಟನ್ನು ಹಿಡಿದುಕೊಂಡು ಅವರು ಒಂದರ ಹಿಂದೊಂದು ಬೇಲಿಗಳನ್ನು ಕತ್ತರಿಸಿ ಒಳಹೊಕ್ಕರು. ಕಂಡಲ್ಲಿ ಗುಂಡು ಹಾರಿಸುವ ಅಧಿಕಾರ ಪಹರೆಯವರಿಗುಂಟೆಂಬ ಎಚ್ಚರಿಕೆಯ ಫಲಕಗಳನ್ನು ದಾಟಿಕೊಂಡೇ ಹೋದರು. ಕೊನೆಗೆ ಅವರು ನಿಂತದ್ದು ಎಲ್ಲಿ? ಅಮೆರಿಕವು ತನ್ನ ಬಾಂಬಿನ ದರ್ಜೆಯ ಯುರೇನಿಯಂ ಅನ್ನು ನೂರಾರು ಟನ್ ಲೆಕ್ಕದಲ್ಲಿ ಕೂಡಿಟ್ಟಿರುವ ಉಗ್ರಾಣದ ಗೋಡೆಯ ಬುಡದಲ್ಲಿ! ಸುಮಾರು 55 ಕೋಟಿ ಡಾಲರು ಸುರಿದು ಕಟ್ಟಿ, 2010ರಲ್ಲಿ ಬಳಕೆಗೆ ತೆರೆದ ಕೋಟೆ ಅದು. ಅವರು ಆ ಗೋಡೆಗೆ ರಕ್ತ ಚೆಲ್ಲಿದರು. ಶಾಂತಿಯ ಮಾತುಗಳನ್ನು ಬಣ್ಣದಲ್ಲಿ ಬರೆದರು. ಸುತ್ತಿಗೆಯಿಂದ ಗೋಡೆಯ ಅಂಚನ್ನು ಕುಟ್ಟಿದರು. ಮೇಣದ ಬತ್ತಿ ಹಚ್ಚಿ ಹಾಡಿದರು. ಓಡಿಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ಕಾವಲುಗಾರ ವಾಹನದಲ್ಲಿ ಬಂದಾಗ ಅವನಿಗೆ ತಮ್ಮ ರೊಟ್ಟಿಯಲ್ಲಿ ಪಾಲು ಕೊಡಲು ಮುಂದಾದರು.

ಇದು ಯಾವ ನಾಟಕಕಾರನ ಕಲ್ಪನೆಯೂ ಅಲ್ಲ. ಅಮೆರಿಕ ಸರ್ಕಾರದ ಇಂಧನ ಇಲಾಖೆಯ ತನಿಖಾಧಿಕಾರಿಗಳೇ ಅದೇ ವರ್ಷ ಆಗಸ್ಟಿನಲ್ಲಿ ವರದಿ ಬರೆದು ಒಪ್ಪಿಕೊಂಡ ಸಂಗತಿ. ಆ ವರದಿಯಲ್ಲಿ ಹೊರಬಿದ್ದ ವಿವರಗಳನ್ನು ನಮ್ಮ ವಾಚಕರು ಗಮನವಿಟ್ಟು ನೋಡಬೇಕು. ಬೇಲಿ ಕತ್ತರಿಸಿದಾಗ ಎಚ್ಚರಿಕೆಯ ಗಂಟೆ ಬಾರಿಸದೆ ಇರಲಿಲ್ಲ, ಬಾರಿಸಿತು. ಆದರೆ ಕಾಡುಪ್ರಾಣಿ ಸುಳಿದಾಗಲೆಲ್ಲ ಬಾರಿಸಿ ಬಾರಿಸಿ ಆ ಗಂಟೆಗೆ ಬೆಲೆಯೇ ಉಳಿದಿರಲಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆಯನ್ನು ನಾವು ಮೂರನೆಯ ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆವು. ಜಗತ್ತಿನ ಅತಿ ಬಲಿಷ್ಠ ಸರ್ಕಾರ ಅದನ್ನು ಕಲಿತಿರಲಿಲ್ಲ. ಆ ಜಾಗವನ್ನು ತೋರಿಸಬೇಕಾಗಿದ್ದ ಒಂದು ಮುಖ್ಯ ಕ್ಯಾಮೆರಾ ಸುಮಾರು ಆರು ತಿಂಗಳಿಂದ ಕೆಟ್ಟು ಕೂತಿತ್ತು. ಸುತ್ತಿಗೆಯ ಸಪ್ಪಳ ಪಹರೆಯವರ ಕಿವಿಗೂ ಬಿತ್ತು; ಯಾರೋ ದುರಸ್ತಿಯ ಕೆಲಸಗಾರರಿರಬೇಕೆಂದು ಸುಮ್ಮನಾದರು.

ಹೀಗೇಕಾಯಿತು? ಕಾವಲುಗಾರರು ಸೋಮಾರಿಗಳೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ರೋಗದ ಬೇರು ಅಲ್ಲಿಲ್ಲ. ಆ ಸ್ಥಾವರದಲ್ಲಿ ಕಾವಲು ಸರ್ಕಾರದ್ದಲ್ಲ. ಗುತ್ತಿಗೆ ಹಿಡಿದ ಒಂದು ಕಂಪೆನಿಯದು. ಕಾವಲಿಗೆ ಬೇಕಾದ ಕ್ಯಾಮೆರಾ, ಗಂಟೆ, ತಂತಿಗಳ ಉಸ್ತುವಾರಿ ಇನ್ನೊಂದು ಕಂಪೆನಿಯದು. ಕ್ಯಾಮೆರಾ ಕೆಟ್ಟರೆ ಕಾಯುವವನು ರಿಪೇರಿ ಮಾಡಿಸಲಾರ. ರಿಪೇರಿ ಮಾಡುವವನಿಗೆ ಕಾಯುವ ಚಿಂತೆಯಿಲ್ಲ. ಇವರಿಬ್ಬರ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಅಧಿಕಾರಿಗಳು ಏನು ಮಾಡುತ್ತಿದ್ದರು? ಕಣ್ಣಿಡಬೇಕು, ಕೈಯಿಡಬಾರದು ಎಂಬ ಹೊಸ ಆಡಳಿತ ನೀತಿಯೊಂದನ್ನು ಪಾಲಿಸುತ್ತಿದ್ದರು. ಎಂದರೆ, ತನ್ನ ಕೆಲಸ ಚೆನ್ನಾಗಿದೆಯೆಂದು ಗುತ್ತಿಗೆದಾರನೇ ಬರೆದುಕೊಟ್ಟ ಪತ್ರವನ್ನು ಓದಿ ರುಜು ಹಾಕುತ್ತಿದ್ದರು. ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆಗೆ ಅಂಕ ಹಾಕಿಕೊಂಡಂತೆ ಇದು. ಈ ಹೋಲಿಕೆ ಅತಿಯಾಯಿತೆಂದು ತೋರಿದರೆ ಇನ್ನೊಂದು ಸಂಗತಿ ಕೇಳಿ: ಇಷ್ಟೆಲ್ಲ ಆದಮೇಲೆ, ಅದೇ ವರ್ಷ ಪಹರೆಯವರಿಗೆ ಭದ್ರತೆಯ ಜ್ಞಾನದ ಪರೀಕ್ಷೆಯೊಂದನ್ನು ಗೊತ್ತುಮಾಡಿದರೆ, ಪ್ರಶ್ನೆಗಳೂ ಉತ್ತರಗಳೂ ಮೊದಲೇ ಪಹರೆಯ ವಾಹನದೊಳಗೆ ಸಿಕ್ಕಿದವು! ನಾವು ಶಾಲೆಯಲ್ಲಿದ್ದ ಕಾಲದಲ್ಲಿ ಇನ್ಸ್‌ಪೆಕ್ಟರರು ಬರುವ ದಿನ ಗೋಡೆಗೆ ಸುಣ್ಣ ಬಳಿದು ಜಾಣ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಪದ್ಧತಿಯನ್ನು ಕಂಡಿದ್ದೇವೆ. ಅದರಿಂದ ಕೆಡುವುದು ಒಂದು ತರಗತಿ. ಇಲ್ಲಿ ಕೆಡುವುದು ಊರೂರುಗಳ ಉಳಿವು.

ಲಾಭಕ್ಕಾಗಿ ಕಾಯುವವನು ಖರ್ಚನ್ನು ಕಾಯುತ್ತಾನೆ, ಬೇಲಿಯನ್ನಲ್ಲ. ಸಮಾಜವಾದಿಗಳು ಇದನ್ನು ಹೇಳಿದರೆ ಹಳೆಯ ಘೋಷಣೆಯೆಂದು ಮೂಗು ಮುರಿಯುವವರಿದ್ದಾರೆ. ಅಂಥವರು ವೈ-12ರ ವರದಿಯನ್ನು ಓದಲಿ. ಆದರೆ ಸರ್ಕಾರದ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದೆಂದು ನಾವು ಹೇಳುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ. ಮೊದಲು ಶಿಕ್ಷೆಯ ವಿಚಾರ ನೋಡೋಣ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಆ ಮೂವರನ್ನು ಕಂಡು, ಅವರಿಂದ ಅಪಾಯವಿಲ್ಲವೆಂದು ಅರಿತು, ಗುಂಡು ಹಾರಿಸದೆ ಮನುಷ್ಯತ್ವದಿಂದ ನಡೆದುಕೊಂಡ ಆ ಒಬ್ಬ ಕಾವಲುಗಾರ ಕೆಲಸ ಕಳೆದುಕೊಂಡ. ಕಾವಲು ಕಂಪೆನಿಯ ಗುತ್ತಿಗೆ ರದ್ದಾಯಿತು. ಕೆಲವು ಅಧಿಕಾರಿಗಳು ನಿವೃತ್ತರಾದರು, ಕೆಲವರು ಬೇರೆ ಜಾಗಕ್ಕೆ ಹೋದರು. ಜೈಲಿಗೆ ಹೋದವರು ಮಾತ್ರ ಬೇಲಿಯ ತೂತನ್ನು ಲೋಕಕ್ಕೆ ತೋರಿಸಿದ ಮೂವರೇ. ಮೊದಲು ಅತಿಕ್ರಮ ಪ್ರವೇಶದ ಸಣ್ಣ ಆಪಾದನೆ ಹೊರಿಸಿದ್ದ ಸರ್ಕಾರ, ಅವರು ತಪ್ಪೊಪ್ಪಿಗೆ ಬರೆದುಕೊಡದಿದ್ದುದರಿಂದ, ದೇಶರಕ್ಷಣೆಗೆ ಧಕ್ಕೆ ತಂದ ದ್ರೋಹದ ಆಪಾದನೆಗೆ ಏರಿಸಿತು. 2013ರ ಮೇ ತಿಂಗಳಲ್ಲಿ ಅಪರಾಧಿಗಳೆಂಬ ತೀರ್ಮಾನವಾಯಿತು. 2014ರ ಫೆಬ್ರವರಿಯಲ್ಲಿ ಸೋದರಿ ರೈಸರಿಗೆ 35 ತಿಂಗಳು, ಉಳಿದಿಬ್ಬರಿಗೆ 62 ತಿಂಗಳು ಸಜೆ. ಮೇಲೆ ಸುಮಾರು 53 ಸಾವಿರ ಡಾಲರು ನಷ್ಟಭರ್ತಿ. 84 ವರ್ಷದ ಮುದುಕಿಗೆ ಸುಮಾರು ಮೂರು ವರ್ಷದ ಜೈಲು! ಇದಕ್ಕೆ ಮುಂಚೆ, 2012ರ ಸೆಪ್ಟೆಂಬರಿನಲ್ಲಿ, ಅವರ ದೇಶದ ಶಾಸನಸಭೆಯ ಸಮಿತಿಯೊಂದು ಈ ಭದ್ರತಾ ಲೋಪವನ್ನು ವಿಚಾರಿಸಲು ಕೂತಾಗ, ಪ್ರೇಕ್ಷಕರ ನಡುವೆ ಕೂತಿದ್ದ ಆಕೆಯನ್ನು ಎದ್ದು ನಿಲ್ಲುವಂತೆ ಕೇಳಿ ಸದಸ್ಯರೊಬ್ಬರು ವಂದನೆ ಹೇಳಿದ್ದರು. ಶಾಸನಸಭೆಯಲ್ಲಿ ವಂದನೆ, ನ್ಯಾಯಸ್ಥಾನದಲ್ಲಿ ಬೇಡಿ!

ಕಡೆಗೆ 2015ರ ಮೇ 8ರಂದು ಮೇಲಿನ ನ್ಯಾಯಾಲಯ ಆ ದೊಡ್ಡ ಆಪಾದನೆಯನ್ನು ತಳ್ಳಿಹಾಕಿತು. ಬೇಲಿ ಕತ್ತರಿಸಿ ಗೋಡೆಗೆ ಬಣ್ಣ ಬಳಿದುದರಿಂದ ಅಮೆರಿಕದ ಯುದ್ಧಶಕ್ತಿಗೆ ಯಾವ ಭಂಗವೂ ಬರಲಿಲ್ಲವೆಂಬುದು ಅದರ ಅಭಿಪ್ರಾಯ. ಮುಂದಿನ ವಾರವೇ ಮೂವರೂ ಬಿಡುಗಡೆಯಾದರು. ಸೋದರಿ ರೈಸ್ 2021ರ ಅಕ್ಟೋಬರಿನಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ಕೆಲವು ವಾಚಕರು ಕೇಳಬಹುದು: ಕಾನೂನು ಮುರಿದವರನ್ನು ಪತ್ರಿಕೆ ಹೊಗಳುವುದು ಸರಿಯೇ? ನಾಳೆ ಎಲ್ಲರೂ ಬೇಲಿ ಕತ್ತರಿಸಿದರೆ ಗತಿಯೇನು? ಪ್ರಶ್ನೆ ನ್ಯಾಯವಾದುದು. ಆ ರಾತ್ರಿ ಗಾಬರಿಬಿದ್ದ ಪಹರೆಯವನೊಬ್ಬ ಗುಂಡು ಹಾರಿಸಿದ್ದರೆ ಮೂರು ಹೆಣಗಳು ಬೀಳುತ್ತಿದ್ದವು. ಅವನ ಬಾಳೂ ಹಾಳಾಗುತ್ತಿತ್ತು. ಆದಕಾರಣ ಇದೇ ಮಾರ್ಗ ಹಿಡಿಯಿರೆಂದು ನಾವು ಯಾರಿಗೂ ಬೋಧಿಸುವುದಿಲ್ಲ. ಆದರೆ ಕಳ್ಳನಿಗೂ ಸತ್ಯಾಗ್ರಹಿಗೂ ಇರುವ ವ್ಯತ್ಯಾಸ ಈ ದೇಶದವರಿಗೆ ಹೊಸದಾಗಿ ಹೇಳಿಕೊಡಬೇಕಾದುದಲ್ಲ. ಉಪ್ಪಿನ ಕಾಯಿದೆ ಮುರಿದವರು, ಕಾಡಿನ ಕಾಯಿದೆ ಮುರಿದವರು ನಮ್ಮ ಜಿಲ್ಲೆಗಳಲ್ಲೂ ಇದ್ದರು. ಮುರಿದು ಅಲ್ಲೇ ನಿಂತರು, ಶಿಕ್ಷೆಗೆ ಕೈಯೊಡ್ಡಿದರು. ಕಳ್ಳ ಬೇಲಿ ಮುರಿದು ಓಡುತ್ತಾನೆ. ಈ ಮೂವರು ಬೇಲಿ ಮುರಿದು ಕಾದರು. ಮೇಣದ ಬತ್ತಿ ಹಿಡಿದ ಮುದುಕಿ ಹೋಗಬಹುದಾದ ದಾರಿಯಲ್ಲಿ ಬಂದೂಕು ಹಿಡಿದವನು ಹೋಗಲಾರನೇ? ಅವರನ್ನು ದ್ರೋಹಿಗಳೆಂದ ಸರ್ಕಾರ ಈ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾಗಿತ್ತು.

ಬಂದೂಕು ಹಿಡಿದವರು ಹೋದದ್ದೂ ಉಂಟು. ದಕ್ಷಿಣ ಆಫ್ರಿಕ ಒಂದು ಕಾಲಕ್ಕೆ ಆರು ಅಣುಬಾಂಬುಗಳನ್ನು ಮಾಡಿ, ಆಮೇಲೆ ತಾನಾಗಿಯೇ ಬಿಚ್ಚಿಹಾಕಿದ ದೇಶ. ಆ ಮಟ್ಟಿಗೆ ಜಗತ್ತಿಗೆ ಮೇಲ್ಪಂಕ್ತಿ. ಆದರೆ ಬಾಂಬು ಹೋದರೂ ಒಳಗಿನ ಯುರೇನಿಯಂ ಹೋಗಲಿಲ್ಲ. ನೂರಾರು ಕಿಲೋ ಸರಕು ಪೆಲಿಂಡಾಬಾ ಎಂಬ ಅಣುಕೇಂದ್ರದಲ್ಲಿ ಉಳಿಯಿತು. 2007ರ ನವೆಂಬರ್ 8ರ ನಡುರಾತ್ರಿ ಶಸ್ತ್ರಧಾರಿಗಳ ಎರಡು ತಂಡಗಳು ಎರಡು ದಿಕ್ಕಿನಿಂದ ಅದಕ್ಕೆ ಮುತ್ತಿದವು. 10,000 ವೋಲ್ಟಿನ ವಿದ್ಯುತ್ ಬೇಲಿಯನ್ನು ದಾಟಿ ಒಳಬಂದವರು ತುರ್ತು ನಿಯಂತ್ರಣ ಕೊಠಡಿಗೆ ನುಗ್ಗಿ ಅಲ್ಲಿದ್ದ ಅಧಿಕಾರಿಯ ಎದೆಗೆ ಗುಂಡು ಹೊಡೆದರು. ಸುಮಾರು 45 ನಿಮಿಷ ಒಳಗಿದ್ದು, ಬಂದ ದಾರಿಯಲ್ಲೇ ಪಾರಾದರು. ಯುರೇನಿಯಂ ಇದ್ದ ಜಾಗಕ್ಕೆ ಅವರು ಮುಟ್ಟಲಿಲ್ಲವೆಂಬುದೊಂದೇ ಸಮಾಧಾನ.

ಬೇಲಿ ಮುರಿಯುವ ಅಗತ್ಯವೇ ಇಲ್ಲದವನೂ ಒಬ್ಬನಿದ್ದಾನೆ: ಒಳಗೆ ದುಡಿಯುವವನು. ಸೋವಿಯೆತ್ ಒಕ್ಕೂಟ ಒಡೆದ ಮೇಲೆ, 1992ರಲ್ಲಿ, ಮಾಸ್ಕೋ ಬಳಿಯ ಪೊಡೋಲ್ಸ್ಕ್ ಪಟ್ಟಣದ ಅಣುಸಂಸ್ಥೆಯೊಂದರ ಹಳೆಯ ನೌಕರನೊಬ್ಬ ಬಾಂಬಿನ ದರ್ಜೆಯ ಯುರೇನಿಯಂ ಅನ್ನು ದಿನಕ್ಕಿಷ್ಟು ಎಂದು ಸುಮಾರು ಒಂದೂವರೆ ಕಿಲೋ ಮನೆಗೆ ಹೊತ್ತು ತಂದು ಬಾಲ್ಕನಿಯಲ್ಲಿಟ್ಟುಕೊಂಡ. ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಒಂದು ಗ್ರಾಮೂ ಕಡಿಮೆಯಾದಂತೆ ತೋರಲಿಲ್ಲ; ತಯಾರಿಕೆಯಲ್ಲಿ ಇಷ್ಟು ಸವಕಳಿ ಸಹಜವೆಂದು ಬಿಟ್ಟಿದ್ದ ಲೆಕ್ಕದೊಳಗೇ ಅದು ಅಡಗಿಹೋಗಿತ್ತು. ಅವನು ಸಿಕ್ಕಿಬಿದ್ದದ್ದಾದರೂ ಹೇಗೆ? ಬ್ಯಾಟರಿ ಕದ್ದ ನೆರೆಮನೆಯವರನ್ನು ಪೋಲೀಸರು ರೈಲು ನಿಲ್ದಾಣದಲ್ಲಿ ಹಿಡಿದಾಗ ಇವನೂ ಜೊತೆಗಿದ್ದನೆಂದು! ಅವನು ಯಾವ ಪರದೇಶದ ಗೂಢಚಾರನೂ ಅಲ್ಲ. ಬೆಲೆಗಳು ಮುಗಿಲಿಗೇರಿ ಸಂಬಳ ಕಾಸಿಗೆ ಬಾರದಂತಾದಾಗ, ಮನೆಗೆ ಒಂದು ತಂಗಳುಪೆಟ್ಟಿಗೆ, ಒಂದು ಒಲೆ ಕೊಳ್ಳುವ ಆಸೆಯಿಂದ ಮಾಡಿದನಂತೆ. ದುಡಿಯುವವನ ಹೊಟ್ಟೆಗೆ ಸಾಲದ ಸಂಬಳ ಕೊಟ್ಟು, ಅವನ ಕೈಗೆ ಪ್ರಳಯದ ಬೀಗದ ಕೈ ಕೊಡುವ ರಾಜ್ಯ ತಾನೇ ತನ್ನ ಗೋಡೆಗೆ ಕನ್ನ ಕೊರೆಯುತ್ತಿದೆಯೆಂದು ತಿಳಿಯಬೇಕು.

ಆ ಒಂದೂವರೆ ಕಿಲೋದಿಂದ ಬಾಂಬು ಆಗದು ನಿಜ. ಎಷ್ಟಾದರೆ ಆತಂಕಪಡಬೇಕು? ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಯುರೇನಿಯಂಗೆ ಇಟ್ಟುಕೊಂಡಿರುವ ಲೆಕ್ಕ 25 ಕಿಲೋ. ಯುರೇನಿಯಂ ಸೀಸಕ್ಕಿಂತ ಭಾರವಾದ ಲೋಹ. 25 ಕಿಲೋ ಎಂದರೆ ಒಂದು ದೊಡ್ಡ ತಂಬಿಗೆಯಲ್ಲಿ ಅಡಗುವಷ್ಟು. ಜಗತ್ತಿನಲ್ಲಿ ಇಂದು ಇಂಥ ಹದಗೊಳಿಸಿದ ಯುರೇನಿಯಂ 1,200 ಟನ್ನಿಗೂ ಮೇಲಿದೆ. ಎಷ್ಟು ಸಾವಿರ ತಂಬಿಗೆಗಳಾದವೆಂದು ಶಾಲೆಯ ಮಗುವೂ ಲೆಕ್ಕ ಹಾಕಬಲ್ಲದು. ಅಷ್ಟನ್ನೂ ಹಗಲಿರುಳು, ಒಂದು ಗಂಟೆಯೂ ತೂಕಡಿಸದೆ, ನೂರಾರು ವರ್ಷ ಕಾಯಬಲ್ಲ ಕಾವಲುಗಾರನನ್ನು ಯಾವ ತಾಯಿಯೂ ಹೆತ್ತಿಲ್ಲ. 1994ರಲ್ಲಿ ಕಜಾಕಸ್ತಾನದಲ್ಲಿ ಸರಿಯಾದ ಕಾವಲಿಲ್ಲದೆ ಬಿದ್ದಿದ್ದ ಸುಮಾರು 600 ಕಿಲೋ ಯುರೇನಿಯಂ ಅನ್ನು ಅಮೆರಿಕ ಗುಟ್ಟಾಗಿ ವಿಮಾನದಲ್ಲಿ ಹೊತ್ತು ತಂದು ಭದ್ರವಾದ ಜಾಗದಲ್ಲಿಟ್ಟಿತು. ಯಾವುದು ಆ ಭದ್ರವಾದ ಜಾಗ? ಅದೇ ಓಕ್ ರಿಡ್ಜಿನ ವೈ-12.

ಪರದೇಶದ ಹುಳುಕನ್ನು ಎಣಿಸಿ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದಕ್ಕೆ ಈ ಲೇಖನವಲ್ಲ. 2009ರ ನವೆಂಬರಿನಲ್ಲಿ ನಮ್ಮದೇ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಗಾರರು ಕುಡಿಯುವ ನೀರಿನ ಯಂತ್ರಕ್ಕೆ ಯಾರೋ ವಿಕಿರಣಯುಕ್ತ ಭಾರಜಲವನ್ನು ಬೆರೆಸಿದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಅದರ ಅಂಶ ಕಂಡುಬಂತು. ಇದು ಬಾಂಬಿನ ಸರಕಲ್ಲ, ಅಲ್ಲಿ ಬೇಲಿಯೂ ಮುರಿಯಲಿಲ್ಲ. ಆದರೆ ಇದು ಒಳಗಿನವರದೇ ಕೃತ್ಯವೆಂದು ಅಣುಶಕ್ತಿಯ ಹಿರಿಯ ಅಧಿಕಾರಿಗಳೇ ಹೇಳಿದರು. ಸರ್ಕಾರದ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲವೆಂದು ನಾವು ಮೇಲೆ ಹೇಳಿದ್ದು ಇದಕ್ಕಾಗಿ. ಇಂಥ ಸ್ಥಾವರಗಳ ಮೇಲೆ ಕಣ್ಣಿಡಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿ ಕೇಂದ್ರ ಸರ್ಕಾರದ ಅಧೀನ ಕಚೇರಿಯಾಗಿಯೇ ಉಳಿದಿದೆಯೆಂದು ದೇಶದ ಮಹಾಲೆಕ್ಕ ಪರಿಶೋಧಕರು 2012ರ ವರದಿಯಲ್ಲಿ ಆಕ್ಷೇಪಿಸಿದರು. ಅದಕ್ಕೂ ಮುಂಚೆ 2000ದಲ್ಲಿಯೇ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕಗಳನ್ನು ಆ ಮಂಡಳಿಯ ಮೇಲ್ವಿಚಾರಣೆಯಿಂದ ಹೊರಗಿಡಲಾಗಿತ್ತು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ನೆಲವನ್ನು ಭಾಭಾ ಕೇಂದ್ರವೂ ಸೇರಿದಂತೆ ಹಲವು ಸಂಸ್ಥೆಗಳಿಗೆ ಹಂಚಿದಾಗ, ದನಕುರಿ ಮೇಯಿಸುತ್ತಿದ್ದ ಹಳ್ಳಿಗರಿಗೆ ಅದರ ಸುಳಿವು ಸಿಕ್ಕಿದ್ದು ಬೇಲಿಯ ಕಂಬಗಳು ಎದ್ದಾಗ. 1942ರಲ್ಲಿ ಓಕ್ ರಿಡ್ಜಿನಲ್ಲೂ ಹೀಗೆಯೇ ಆಯಿತು: ಸುಮಾರು 3,000 ಜನ ರೈತಾಪಿಗಳನ್ನು ಕೆಲವೇ ವಾರಗಳ ಗಡುವು ಕೊಟ್ಟು ಎಬ್ಬಿಸಿದರು. ವೈ-12ರಲ್ಲಿ ಯಂತ್ರಗಳ ಮುಂದೆ ಕೂತು ಗುಂಡಿ ತಿರುಗಿಸಿದ ಹಳ್ಳಿಯ ಹೆಣ್ಣುಮಕ್ಕಳಿಗೂ ತಾವು ಏನನ್ನು ತಯಾರಿಸುತ್ತಿದ್ದೇವೆಂಬುದು ಹಿರೋಷಿಮಾ ಸುಟ್ಟ ಮೇಲೆಯೇ ತಿಳಿದದ್ದು. ಜನರನ್ನು ಕತ್ತಲೆಯಲ್ಲಿಟ್ಟು ಜನರ ರಕ್ಷಣೆ ಮಾಡುತ್ತೇವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಬೀಗದ ಸಂಖ್ಯೆ ಗುಟ್ಟಾಗಿರಬೇಕು, ನಿಜ. ಬೀಗ ಕೆಟ್ಟಿದೆಯೆಂಬ ವರದಿ ಗುಟ್ಟಾಗಿರಬಾರದು. ವೈ-12ರ ಹುಳುಕನ್ನು ನಾವಿಂದು ಬರೆಯಲು ಸಾಧ್ಯವಾದದ್ದು ಅಲ್ಲಿಯ ತನಿಖಾ ವರದಿಯನ್ನು ಸಾರ್ವಜನಿಕರಿಗೆ ಪ್ರಕಟಿಸಿದ್ದರಿಂದ. ಅಮೆರಿಕದಿಂದ ಕಲಿಯತಕ್ಕದ್ದು ಇದ್ದರೆ ಇದನ್ನು ಕಲಿಯೋಣ.

ಹಾಗಾದರೆ ಆಗಬೇಕಾದುದೇನು? ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದನೆಯದು, ರಾಶಿಯನ್ನೇ ಕರಗಿಸಬೇಕು. ಇದು ಕನಸಿನ ಮಾತಲ್ಲ. 1993ರಿಂದ 2013ರವರೆಗೆ ಇಪ್ಪತ್ತು ವರ್ಷ ರಷ್ಯ ತನ್ನ ಬಾಂಬುಗಳಿಂದ ತೆಗೆದ 500 ಟನ್ ಯುರೇನಿಯಂ ಅನ್ನು ತೆಳುಮಾಡಿ ಅಮೆರಿಕಕ್ಕೆ ಮಾರಿತು. ಸುಮಾರು 20,000 ಬಾಂಬುಗಳ ಸರಕು ದೀಪದ ವಿದ್ಯುತ್ತಾಗಿ ಉರಿದುಹೋಯಿತು. ಪರಸ್ಪರ ಹಗೆಗಳಾಗಿದ್ದ ಎರಡು ದೇಶಗಳು ಮಾಡಿದ್ದನ್ನು ಉಳಿದವರೂ ಮಾಡಬಹುದು, ಅವರೇ ಮುಂದುವರಿಸಲೂಬಹುದು. ಇಲ್ಲದ ಸರಕನ್ನು ಯಾವ ಕಳ್ಳನೂ ಕದಿಯಲಾರ.

ಎರಡನೆಯದು, ಉಳಿದ ಸರಕಿನ ಕಾವಲನ್ನು ಯಾವ ದೇಶದಲ್ಲೇ ಆಗಲಿ ಲಾಭದ ಗುತ್ತಿಗೆಗೆ ಕೊಡಕೂಡದು. ಕಾಯುವವರಿಗೂ ಒಳಗೆ ದುಡಿಯುವವರಿಗೂ ಗೌರವದ ಸಂಬಳ, ಭದ್ರವಾದ ನೌಕರಿ, ಸಂಘ ಕಟ್ಟುವ ಹಕ್ಕು ಇರಬೇಕು. ಕ್ಯಾಮೆರಾ ಕೆಟ್ಟಿದೆಯೆಂದು ಧೈರ್ಯವಾಗಿ ಬರೆದುಕೊಡಬಲ್ಲವನು ಕೆಲಸ ಹೋಗುವ ಭಯವಿಲ್ಲದವನು ಮಾತ್ರ.

ಮೂರನೆಯದು, ಪರೀಕ್ಷಿಸುವವನು ಪರೀಕ್ಷೆಗೆ ಒಳಗಾಗುವವನ ಕೈಕೆಳಗೆ ಇರಬಾರದು. ತನಿಖೆಯ ವರದಿ ಇಲಾಖೆಯ ಬೀರುವಿಗಲ್ಲ, ಜನರ ಪ್ರತಿನಿಧಿಗಳ ಸಭೆಗೆ ಬರಬೇಕು.

ನಾಲ್ಕನೆಯದು, ಲೋಪವನ್ನು ತೋರಿಸಿದವನಿಗೆ ಜೈಲು, ಲೋಪ ಮಾಡಿದವನಿಗೆ ನಿವೃತ್ತಿವೇತನ ಎಂಬ ನ್ಯಾಯ ನಿಲ್ಲಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಮ್ಮ ಹಿರಿಯರು ನಗುತ್ತಿದ್ದರು. ಈ ಕೋಟೆಗಳು ಒಮ್ಮೆ ಸೂರೆ ಹೋದರೆ ನಗುವುದಕ್ಕೆ ಯಾರು ಉಳಿಯುತ್ತಾರೋ ಹೇಳಲಾಗದು. ಸೋದರಿ ರೈಸ್ ಜೈಲಿಗೆ ಹೋಗುವ ಮುನ್ನವೂ, ಬಂದ ಮೇಲೂ ತಮ್ಮ ಕಾರ್ಯಕ್ಕೆ ಪಶ್ಚಾತ್ತಾಪ ಪಡಲಿಲ್ಲ. ಇನ್ನೂ ಮೊದಲೇ ಮಾಡಬೇಕಾಗಿತ್ತೆಂದು ಭಾವಿಸಿದರು. ನಾವು ಇಕ್ಕಳ ಹಿಡಿದು ಹೋಗಬೇಕಾಗಿಲ್ಲ. ಈ ಸಂಚಿಕೆಯನ್ನು ಓದಿದವರು ನಾಲ್ಕು ಜನ ಕೂತು ಮಾತಾಡಲಿ; ಮುಂದೆ ಓಟು ಕೇಳಲು ಬರುವ ಅಭ್ಯರ್ಥಿ ಯಾವ ಪಕ್ಷದವನೇ ಆಗಲಿ, ನಮ್ಮ ಪಕ್ಷದವನೇ ಆಗಲಿ, ಈ ನಾಲ್ಕು ಮಾತಿಗೆ ಅವನ ಉತ್ತರವೇನೆಂದು ನಿಲ್ಲಿಸಿ ಕೇಳಲಿ. ಹಿರೋಷಿಮಾದ ದಿನ ಎರಡು ನಿಮಿಷ ಮೌನವಾಗಿ ನಿಲ್ಲುವುದು ಸತ್ತವರಿಗೆ ಸಲ್ಲುವ ಗೌರವ. ಬದುಕಿರುವವರಿಗಾಗಿ ಬಾಯಿ ತೆರೆಯಲೇಬೇಕು.